385 ಬರಿಸೋದು ಹೇಗೆ ಅನ್ನೋದು ಬಿಡಿ, ಮೊದಲು ಎರಡು ಥರ್ಮಾಮೀಟರನ್ನೂ ಒಂದೇ ನೀರಿಗೆ ಇಳಿಸಿ

ಸರ್ಲ್ ಉಪಕರಣದಲ್ಲಿ ತಾಮ್ರದ ಉಷ್ಣವಾಹಕತೆ (ಅದು ಎಷ್ಟು ಚೆನ್ನಾಗಿ ಶಾಖ ಹರಿಸುತ್ತದೆ ಅನ್ನೋ ಅಳತೆ, ವ್ಯಾಟ್/ಮೀಟರ್·ಕೆಲ್ವಿನ್‌ನಲ್ಲಿ) ಮೂರು ಸಲವೂ 310ರ ಹತ್ತಿರವೇ ಬಂತು, ಪುಸ್ತಕದ 385 ಬರಬೇಕಾದರೆ ಏನು ಮಾಡಬೇಕು, ಇಲ್ಲಾ ಇನ್ನೊಂದು ಉಪಕರಣವಾದ ಲೀ ಡಿಸ್ಕ್‌ನಲ್ಲೇ ಮಾಡಿಬಿಡಲಾ ಅಂತ ಕೇಳಿದ್ದೀರಿ. ನನಗೆ ಬಂದಿದ್ದು 311. ಅದೂ ಬಿ.ಎಸ್ಸಿ ಕೊನೆಯ ವರ್ಷದ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ.

ಚೀಟಿ ಎತ್ತಿದಾಗ ಸರ್ಲ್ ಬಂದಿದ್ದಕ್ಕೆ ಖುಷಿಯಾಗಿತ್ತು. ವರ್ಷದಲ್ಲಿ ಎರಡು ಸಲ ಮಾಡಿದ್ದ ಪ್ರಯೋಗ. 4 ಸೆಂ.ಮೀ ದಪ್ಪದ ಸರಳು, ಸುತ್ತ ಫೆಲ್ಟ್ ಬಟ್ಟೆ, ಹೊರಗೆ ಮರದ ಪೆಟ್ಟಿಗೆ. ಒಂದು ತುದಿಗೆ ಬಾಯ್ಲರ್‌ನಿಂದ ಹಬೆ. ಇನ್ನೊಂದು ತುದಿಗೆ ಸುತ್ತಿದ ಕೊಳವೆಯಲ್ಲಿ ತಣ್ಣೀರು. ಸರಳಿನಲ್ಲಿ 10 ಸೆಂ.ಮೀ ಅಂತರಕ್ಕೆ ಎರಡು ತೂತು, ಅದರಲ್ಲಿ ಎರಡು ಥರ್ಮಾಮೀಟರ್. ನೀರು ಒಳಗೆ ಹೋಗುವಲ್ಲಿ ಒಂದು, ಹೊರಗೆ ಬರುವಲ್ಲಿ ಒಂದು. ತೂತಿಗೆ ಗ್ಲಿಸರಿನ್ ಬಿಟ್ಟೆ. ಹಬೆ ಬಿಟ್ಟು 40 ನಿಮಿಷ ಕಾದೆ. ನಾಲ್ಕೂ ಥರ್ಮಾಮೀಟರ್ ಹತ್ತು ನಿಮಿಷ ಅಲ್ಲಾಡದೆ ನಿಂತ ಮೇಲೇ ರೀಡಿಂಗ್ ತೆಗೆದೆ. ಇಷ್ಟನ್ನೂ ಸರಿಯಾಗಿಯೇ ಮಾಡಿದ್ದೆ.

ಸರಳಿನ ಮೇಲೆ 78 ಮತ್ತು 60 ಡಿಗ್ರಿ. ಒಳಬರುವ ನೀರು 26, ಹೊರಹೋಗುವ ನೀರು 30.2. ಒಂದು ನಿಮಿಷಕ್ಕೆ 240 ಮಿ.ಲೀ ನೀರು. ಸರಳಿನಲ್ಲಿ ಹರಿದ ಶಾಖವೆಲ್ಲ ನೀರಿಗೆ ಸೇರಿತು ಅಂತ ಲೆಕ್ಕ ಹಾಕಿದೆ, 311. ಮತ್ತೆ ಹಾಕಿದೆ, 311. ಪುಸ್ತಕದಲ್ಲಿ 385. ಗಂಟೆ ಹೊಡೆಯಲು ಇಪ್ಪತ್ತು ನಿಮಿಷ ಇತ್ತು. ಹಬೆ ನಿಲ್ಲಿಸಿಬಿಟ್ಟಿದ್ದೆ, ಮತ್ತೆ ಕಾಯಿಸಿ ಸ್ಥಿರವಾಗುವವರೆಗೆ ನಿಲ್ಲಲು ಸಮಯ ಸಾಲದು. ಆಗ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಉತ್ತರದಿಂದ ಹಿಂದಕ್ಕೆ ಬಂದೆ. 385 ಬರಬೇಕಾದರೆ ನೀರು ಎಷ್ಟಿರಬೇಕು? 297. ಆ 240ನ್ನು ಹೊಡೆದು 297 ಅಂತ ಬರೆದೆ.

ಎಕ್ಸ್‌ಟರ್ನಲ್, ಅಂದರೆ ಹೊರಗಿನಿಂದ ಬಂದ ಪರೀಕ್ಷಕರು, ವಯಸ್ಸಾದವರು, ಮೃದು ಮಾತಿನವರು. ನನ್ನ ಹಾಳೆ ನೋಡಿದರು, ಮೇಜಿನ ಮೇಲಿದ್ದ ಮೆಷರಿಂಗ್ ಜಾರ್ ಕೈಗೆ ತೆಗೆದುಕೊಂಡರು. ಅದರ ಮೇಲಿನ ಕೊನೆಯ ಗೆರೆ 250. "ಒಂದು ನಿಮಿಷ ಹಿಡಿದಿರಾ?" ಅಂದರು. ಹೌದು ಸಾರ್ ಅಂದೆ. "ಇದರಲ್ಲೇ?" ಅಂದರು. ನನಗೆ ಬಾಯೇ ಬರಲಿಲ್ಲ.

ಅವರು ಬೈಯಲಿಲ್ಲ. ಬೀಕರಿನಲ್ಲಿ ನಲ್ಲಿ ನೀರು ತರಲು ಹೇಳಿದರು. ನೀರಿನ ಎರಡು ಥರ್ಮಾಮೀಟರನ್ನೂ ಅದರಲ್ಲಿ ಒಟ್ಟಿಗೆ ಇಳಿಸಿದರು. ಎರಡು ನಿಮಿಷ ಬಿಟ್ಟು ನೋಡಲು ಹೇಳಿದರು. ಒಳಬರುವ ಕಡೆಯದು 27 ತೋರಿಸುತ್ತಿತ್ತು. ಹೊರಹೋಗುವ ಕಡೆಯದು 26.2. ಒಂದೇ ಬೀಕರು, ಒಂದೇ ನೀರು, 0.8 ಡಿಗ್ರಿ ವ್ಯತ್ಯಾಸ.

297 ಬರೆದದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ನನ್ನನ್ನು ಅಲ್ಲಿಗೆ ತಳ್ಳಿದ ತಪ್ಪು ಒಂದೂವರೆ ಗಂಟೆ ಮೊದಲೇ ಆಗಿಹೋಗಿತ್ತು. ನಿಮ್ಮದೂ ಇದೇ ಇರಬಹುದು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಸೂತ್ರದಲ್ಲಿ ನಮಗೆ ಬೇಕಾದ್ದು ಯಾವ ಥರ್ಮಾಮೀಟರಿನ ತಾಪಮಾನವೂ ಅಲ್ಲ, ಎರಡು ವ್ಯತ್ಯಾಸಗಳು. ಸರಳಿನ ಮೇಲಿನ ವ್ಯತ್ಯಾಸ 18 ಡಿಗ್ರಿ. ಅದರಲ್ಲಿ 0.8 ತಪ್ಪಿದರೆ ನೂರಕ್ಕೆ ನಾಲ್ಕೈದು ಹೋಗುತ್ತದೆ, ತಡೆದುಕೊಳ್ಳಬಹುದು. ನೀರಿನ ವ್ಯತ್ಯಾಸ ಬರೀ 4.2. ಅದರಲ್ಲಿ 0.8 ಅಂದರೆ ನೂರಕ್ಕೆ 19. ಥರ್ಮಾಮೀಟರ್ ಅದೇ, ತಪ್ಪೂ ಅಷ್ಟೇ, ಏಟು ಮಾತ್ರ ನಾಲ್ಕು ಪಟ್ಟು. ನೀರಿನ ನಿಜವಾದ ವ್ಯತ್ಯಾಸ 4.2ಕ್ಕೆ ಆ 0.8 ಸೇರಿ 5 ಡಿಗ್ರಿ ಇತ್ತು. ಅದನ್ನು ಹಾಕಿ ಲೆಕ್ಕ ಮಾಡಿದರೆ 370 ಬರುತ್ತದೆ. 370! ಕಾಲೇಜು ಲ್ಯಾಬಿನಲ್ಲಿ ಅದಕ್ಕಿಂತ ಒಳ್ಳೆಯ ಉತ್ತರ ಯಾರಿಗೂ ಬೇಕಾಗಿರಲಿಲ್ಲ. ಅದು ನನ್ನ ಮೇಜಿನ ಮೇಲೇ ಇತ್ತು. ನಾನು ಅದರ ಮೇಲೆ ಸುಳ್ಳು ಬರೆದೆ.

ಆ ವ್ಯತ್ಯಾಸ ಅಷ್ಟು ಕಡಿಮೆ ಯಾಕಿತ್ತು ಅಂದರೆ ನಲ್ಲಿಯನ್ನು ಜಾಸ್ತಿ ತಿರುಗಿಸಿದ್ದೆ. ನೀರು ಜೋರಾಗಿ ಹರಿದರೆ ಸರಳು ಬೇಗ ಸ್ಥಿರವಾಗುತ್ತದೆ ಅನ್ನೋದು ನನ್ನ ಲೆಕ್ಕ. ಸರಳಿನಿಂದ ಬರುವ ಶಾಖ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಅದನ್ನು 240 ಮಿ.ಲೀ ನೀರಿಗೆ ಹಂಚಿದರೆ 5 ಡಿಗ್ರಿ ಏರುತ್ತದೆ. 80 ಮಿ.ಲೀ ನೀರಿಗೆ ಹಂಚಿದರೆ 14-15 ಡಿಗ್ರಿ ಏರುತ್ತದೆ. ಆಗ ಅದೇ ಕೆಟ್ಟ ಥರ್ಮಾಮೀಟರ್ ಇಟ್ಟುಕೊಂಡೇ ನನ್ನ ತಪ್ಪು ನೂರಕ್ಕೆ ಐದಾರಕ್ಕೆ ಇಳಿಯುತ್ತಿತ್ತು. ಹಾಗಂತ ತೀರಾ ಹನಿ ಹನಿ ಬಿಡಬೇಡಿ, ಹರಿವು ಒಂದೇ ಸಮ ನಿಲ್ಲುವುದಿಲ್ಲ. ನೀರು ನೇರ ನಲ್ಲಿಯಿಂದ ಬರುತ್ತಿದ್ದರೆ ಪಕ್ಕದ ಮೇಜಿನವರು ಕೈ ತೊಳೆದರೂ ನಿಮ್ಮ ಹರಿವು ಬದಲಾಗುತ್ತದೆ. ಅದಕ್ಕೇ ಒಂದೇ ಮಟ್ಟ ಕಾಯುವ ತೊಟ್ಟಿ ಇರುವುದು, ಅದನ್ನು ಬಳಸಿ.

ಇನ್ನೊಂದು ಉಪಾಯ ಇದೆ. ಆ ದಿನ ಗೊತ್ತಿದ್ದರೆ ನನ್ನ ಒಂದು ವರ್ಷ ಉಳಿಯುತ್ತಿತ್ತು. ಮೊದಲ ರೀಡಿಂಗ್ ಆದ ಮೇಲೆ, ಹಬೆ ನಿಲ್ಲಿಸದೆ, ನೀರಿನ ಎರಡು ಥರ್ಮಾಮೀಟರನ್ನು ಅದಲು ಬದಲು ಮಾಡಿ. ಮತ್ತೆ ಸ್ಥಿರವಾಗಲು ಬಿಡಿ, ಮತ್ತೆ ಓದಿ. ನನ್ನದರಲ್ಲಿ ಮೊದಲು 4.2 ಬಂದಿತ್ತು, ಬದಲಿಸಿದ್ದರೆ 5.8 ಬರುತ್ತಿತ್ತು. ಸರಾಸರಿ 5. ಯಾವ ಥರ್ಮಾಮೀಟರ್ ಸುಳ್ಳು ಹೇಳುತ್ತಿದೆ ಅಂತ ಗೊತ್ತಿಲ್ಲದೆಯೇ ಸುಳ್ಳು ಕಳೆದುಹೋಗುತ್ತದೆ. ಸರಳಿನ ಜೋಡಿಗೂ ಹೀಗೇ ಮಾಡಿ. ಥರ್ಮಾಮೀಟರಿನ ಕುತ್ತಿಗೆಗೆ ಕೆಂಪು ದಾರ, ಬಿಳಿ ದಾರ ಕಟ್ಟಿಕೊಳ್ಳಿ, ಇಲ್ಲದಿದ್ದರೆ ಯಾವುದು ಎಲ್ಲಿತ್ತು ಅನ್ನೋದೇ ಮರೆತುಹೋಗುತ್ತದೆ.

ವರ್ಷ ಉಳಿಯುತ್ತಿತ್ತು ಅಂದೆನಲ್ಲ. ಆ ಪ್ರಯೋಗಕ್ಕೆ ಬಂದದ್ದು ಪಾಸಾಗುವಷ್ಟೇ ಅಂಕ. ಎಂ.ಎಸ್ಸಿ ಮೆರಿಟ್ ಪಟ್ಟಿಯಲ್ಲಿ ಸ್ವಲ್ಪದರಲ್ಲಿ ಸೀಟು ತಪ್ಪಿತು. ಮನೆಯಲ್ಲಿ ಅಪ್ಪನಿಗೆ ನಿಜ ಕಾರಣ ಹೇಳಲು ಆಗಲಿಲ್ಲ. ಆ ವರ್ಷ ಊರಲ್ಲೇ ಟ್ಯೂಷನ್ ಹೇಳಿಕೊಂಡು ಕಳೆದೆ.

ಈಗ ಲೀ ಡಿಸ್ಕ್ ವಿಷಯ. ದಯವಿಟ್ಟು ಬೇಡ. ಅದು ಎಬೊನೈಟ್, ಗಾಜು, ರಟ್ಟು ಇಂಥ ಶಾಖವನ್ನು ಸುಲಭವಾಗಿ ಹರಿಯಬಿಡದ ವಸ್ತುಗಳಿಗೆ ಮಾಡಿದ್ದು. ಅಲ್ಲಿ ತೆಳ್ಳಗಿನ ಬಿಲ್ಲೆಯ ಎರಡು ಮುಖದ ನಡುವೆ ಸಾಕಷ್ಟು ಡಿಗ್ರಿ ವ್ಯತ್ಯಾಸ ಸಿಗುತ್ತದೆ. ಅದೇ ಜಾಗದಲ್ಲಿ 3 ಮಿ.ಮೀ ತಾಮ್ರದ ಬಿಲ್ಲೆ ಇಟ್ಟರೆ ವ್ಯತ್ಯಾಸ ಒಂದು ಡಿಗ್ರಿಯ ನೂರನೇ ಒಂದು ಭಾಗದಷ್ಟು. ನಿಮ್ಮ ಥರ್ಮಾಮೀಟರಿಗೆ ಅದು ಕಾಣುವುದೇ ಇಲ್ಲ. ಲೋಹಕ್ಕೆ ಉದ್ದದ ಸರಳು ಬೇಕಾಗುವುದು ಇದಕ್ಕೇ. ಕೇಂಬ್ರಿಡ್ಜ್‌ನ ಕ್ಯಾವೆಂಡಿಷ್ ಲ್ಯಾಬಿನಲ್ಲಿ ದಶಕಗಟ್ಟಲೆ ಪ್ರಾಕ್ಟಿಕಲ್ ಕಲಿಸಿದ ಜಿ.ಎಫ್.ಸಿ. ಸರ್ಲ್ ಅವರ ಹೆಸರಿನ ಈ ಉಪಕರಣ ನೋಡಲು ಒರಟು, ಆದರೆ ವಿದ್ಯಾರ್ಥಿಯ ಕೈಗೆ ಸರಿಯಾಗಿ ಹೊಂದುತ್ತದೆ.

ನಿಮ್ಮ ಪ್ರಶ್ನೆಯ ಮೊದಲ ಭಾಗ ಮಾತ್ರ ನನಗೆ ಒಪ್ಪಿಗೆ ಇಲ್ಲ. 385 ಯಾಕೆ ಬರಲೇಬೇಕು? ಶುದ್ಧ ತಾಮ್ರ ಕೋಣೆಯ ತಾಪಮಾನದಲ್ಲಿ ಸುಮಾರು 400. ಒಂಚೂರು ರಂಜಕ ಬೆರೆತ ಕೊಳವೆ ತಾಮ್ರ 340ರ ಆಸುಪಾಸಿಗೆ ಇಳಿಯುತ್ತದೆ. ಹಿತ್ತಾಳೆಯಾದರೆ 110ರ ಹತ್ತಿರ. ನಿಮ್ಮ ಲ್ಯಾಬಿನ ಸರಳು ಯಾವ ತಾಮ್ರ ಅಂತ ಯಾರಾದರೂ ಬರೆದಿಟ್ಟಿದ್ದಾರಾ? ಫೆಲ್ಟ್ ಹಳೆಯದಾಗಿ ಸವೆದಿದ್ದರೆ ಬದಿಯಿಂದ ಶಾಖ ಸೋರಿ, ನೀರಿಗೆ ಸೇರುವುದು ಕಡಿಮೆಯಾಗಿ, ಉತ್ತರ ಇನ್ನೂ ಇಳಿಯುತ್ತದೆ. ಇದೆಲ್ಲ ಸೇರಿ ನಿಮ್ಮ 310 ಆಗಿರಬಹುದು. ಪರೀಕ್ಷೆಯಲ್ಲೂ ಅಷ್ಟೇ ಬಂದರೆ ಅಷ್ಟೇ ಬರೆಯಿರಿ. ಕೆಳಗೆ ಥರ್ಮಾಮೀಟರುಗಳ ವ್ಯತ್ಯಾಸ ಎಷ್ಟು, ಅದರಿಂದ ಉತ್ತರ ಎಷ್ಟು ಅಲ್ಲಾಡುತ್ತದೆ ಅಂತ ಎರಡು ಸಾಲು ಸೇರಿಸಿ. ಈಗ ನಾನೇ ಒಂದು ಕಾಲೇಜಿನ ಲ್ಯಾಬಿನಲ್ಲಿ ಮಕ್ಕಳ ರೆಕಾರ್ಡ್ ತಿದ್ದುತ್ತೇನೆ. ಆ ಎರಡು ಸಾಲು ಬರೆದ 310ಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ಬರೀ 385 ಬರೆದಿದ್ದರೆ ಮೊದಲು ಜಾರ್ ಮೇಲಿನ ಕೊನೆಯ ಗೆರೆ ನೋಡುತ್ತೇನೆ.

ನಾಳೆ ಲ್ಯಾಬಿಗೆ ಹೋದಾಗ ಹಬೆ ಬಿಡುವ ಮೊದಲೇ ಬೀಕರಿನ ಕೆಲಸ ಮುಗಿಸಿ. ನಿಮ್ಮ ನಾಲ್ಕು ತಾಪಮಾನ, ಒಂದು ನಿಮಿಷದ ನೀರು, ಸರಳಿನ ದಪ್ಪ, ಬೀಕರಿನಲ್ಲಿ ಎರಡೂ ಥರ್ಮಾಮೀಟರ್ ತೋರಿಸಿದ್ದು, ಇಷ್ಟನ್ನು ಇಲ್ಲೇ ಕೆಳಗೆ ಹಾಕಿ. ನಾನೂ ಕೂತು ಲೆಕ್ಕ ಮಾಡಿ ನೋಡುತ್ತೇನೆ.