ಅಡ್ಮಿನ್ ಒಬ್ಬರೇ ಎಷ್ಟೂಂತ ನೋಡ್ಕೊಳ್ಳೋದು?

ಪ್ರಶ್ನೆ: ಆನ್‌ಲೈನಲ್ಲಿ ನಮ್ಮದೊಂದು ದೊಡ್ಡ ಚರ್ಚಾ ಗುಂಪಿದೆ, ನಾನೇ ಅಡ್ಮಿನ್. ಜನ ಜಾಸ್ತಿ ಆದ್ಮೇಲೆ ದಿನಾ ಬೈದಾಟ. ಪೋಸ್ಟ್ ತೆಗೆದ್ರೆ ಸರ್ವಾಧಿಕಾರಿ ಅಂತಾರೆ, ಬಿಟ್ರೆ ಒಳ್ಳೆಯವರು ಸುಮ್ನೆ ಎದ್ದು ಹೋಗ್ತಾರೆ. ಸದಸ್ಯರ ಕೈಗೇ ಅಧಿಕಾರ ಕೊಡ್ಲಾ? ಅವರೂ ದುರುಪಯೋಗ ಮಾಡ್ಕೊಂಡ್ರೆ?

ಉತ್ತರ: ಕೊಡಿ, ಆದ್ರೆ ಸ್ವಲ್ಪ ಕೊಡಿ, ಸ್ವಲ್ಪ ದಿನಕ್ಕೆ ಕೊಡಿ.

1997ರಲ್ಲಿ ಶುರುವಾದ ಸ್ಲ್ಯಾಶ್‌ಡಾಟ್ ಅನ್ನೋ ಟೆಕ್ ಸುದ್ದಿ ತಾಣಕ್ಕೂ ನಿಮ್ಮದೇ ತಲೆನೋವು ಬಂದಿತ್ತು. ಅವರು ಏನ್ಮಾಡಿದ್ರು ಅಂದ್ರೆ ಮಾಮೂಲಿ ಓದುಗರಲ್ಲೇ ಕೆಲವರನ್ನ ಆರಿಸಿ ಐದೈದು ಪಾಯಿಂಟ್ ಕೊಡೋರು, ಮೂರು ದಿನದೊಳಗೆ ಬಳಸ್ಲಿಲ್ಲ ಅಂದ್ರೆ ಅದು ಹೋಯ್ತು, ಆ ಪಾಯಿಂಟಿಂದ ಒಂದು ಕಾಮೆಂಟಿನ ಅಂಕ -1ರಿಂದ 5ರವರೆಗೆ ಏರಿಸ್ಬಹುದು ಇಳಿಸ್ಬಹುದು. ಕೆಟ್ಟ ಮಾತು ಡಿಲೀಟ್ ಆಗಲ್ಲ, ಕೆಳಗೆ ಮುಳುಗುತ್ತೆ ಅಷ್ಟೆ, ಓದಲೇಬೇಕು ಅನ್ನೋರು ತೆಗೆದು ಓದ್ಬಹುದು. ನಂಗೆ ತುಂಬಾ ಹಿಡಿಸಿದ ನಿಯಮ ಇನ್ನೊಂದಿದೆ: ಯಾವ ಚರ್ಚೇಲಿ ನೀವು ಮಾತಾಡಿದೀರೋ ಅಲ್ಲಿ ಅಂಕ ಹಾಕೋ ಹಾಗಿಲ್ಲ. ಜಗಳ ಆಡ್ತಿರೋರೇ ಪಂಚಾಯ್ತಿ ಮಾಡೋಕೆ ಕೂತ್ರೆ ಯಾರು ನಂಬ್ತಾರೆ ಹೇಳಿ. ಹಾಕಿದ ಅಂಕ ನ್ಯಾಯವಾಗಿದ್ಯಾ ಅಂತ ನೋಡೋಕೆ ಬೇರೆ ಸದಸ್ಯರೂ ಇದ್ರು.

ಪ್ರೋಗ್ರಾಮರ್‌ಗಳು ಪ್ರಶ್ನೆ ಕೇಳಿ ಉತ್ತರ ಪಡೆಯೋ ಸ್ಟ್ಯಾಕ್ ಓವರ್‌ಫ್ಲೋ ತಾಣದಲ್ಲಿ ಡೌನ್‌ವೋಟ್, ಅಂದ್ರೆ ‘ಇದು ಚೆನ್ನಾಗಿಲ್ಲ’ ಅನ್ನೋ ವೋಟ್ ಹಾಕೋಕೇ 125 ಪಾಯಿಂಟ್ ಗಳಿಸಿರ್ಬೇಕು, ಮೇಲಾಗಿ ಒಂದು ಉತ್ತರಕ್ಕೆ ಡೌನ್‌ವೋಟ್ ಹಾಕಿದ್ರೆ ನಿಮ್ಮದೂ ಒಂದು ಪಾಯಿಂಟ್ ಕಟ್. ಸಿಟ್ಟಲ್ಲಿ ಬಟನ್ ಒತ್ತೋ ಕೈ ಅಲ್ಲೇ ಒಂದ್ಸಲ ನಿಲ್ಲುತ್ತೆ.

ನಿಮ್ಮ ಗುಂಪಲ್ಲಿ ಇಂಥ ವ್ಯವಸ್ಥೆ ಇಲ್ದೇ ಇರ್ಬಹುದು, ಪರ್ವಾಗಿಲ್ಲ, ಮೂರ್ನಾಲ್ಕು ಜನರನ್ನ ತಿಂಗಳ ಸರದಿ ಮೇಲೆ ಮಾಡರೇಟರ್ ಮಾಡಿ, ತಾವು ಸೇರಿರೋ ಜಗಳಕ್ಕೆ ಅವರು ಕೈ ಹಾಕ್ಬಾರ್ದು ಅಂತ ಮೊದ್ಲೇ ಹೇಳ್ಬಿಡಿ. ರಿಪೋರ್ಟ್ ವಿಷಯದಲ್ಲಿ ಮಾತ್ರ ತುಂಬಾ ಹುಷಾರು. ಹತ್ತು ಜನ ಮಾತಾಡ್ಕೊಂಡು ಒಟ್ಟಿಗೆ ರಿಪೋರ್ಟ್ ಮಾಡಿ ತಮಗಾಗದವರ ಬಾಯಿ ಮುಚ್ಚಿಸೋದು ಎಲ್ಲಾ ಕಡೆ ನಡೆಯುತ್ತೆ, ಅದಕ್ಕೇ ರಿಪೋರ್ಟ್ ಎಷ್ಟು ಬಂತು ಅಂತ ಎಣಿಸ್ಬೇಡಿ, ಯಾವ ನಿಯಮ ಮುರಿದಿದೆ ಅಂತ ಕೇಳಿ. ಅಭಿಪ್ರಾಯ ಹಿಡಿಸ್ಲಿಲ್ಲ ಅನ್ನೋದು ಕಾರಣವೇ ಅಲ್ಲ, ಅದಕ್ಕೆ ಮ್ಯೂಟ್ ಇದೆ, ಅವರವರು ಮಾಡ್ಕೊಳ್ಳಲಿ. ವೈಯಕ್ತಿಕ ಬೈಗುಳ, ಬೆದರಿಕೆ, ಯಾರದ್ದೋ ಫೋನ್ ನಂಬರ್ ಹಾಕೋದು, ಇದಕ್ಕೆಲ್ಲ ಸರದಿ ಗಿರದಿ ಕಾಯ್ಬೇಡಿ, ತಕ್ಷಣ ತೆಗೀರಿ.

ತೆಗೆದಾಗೆಲ್ಲ ಕಾರಣ ಒಂದು ಸಾಲು ಬರೀರಿ, ಬರೆದವರಿಗೆ ಮರುಪರಿಶೀಲನೆ ಕೇಳೋಕೂ ಬಿಡಿ, ಮತ್ತೆ ಆ ಪರಿಶೀಲನೆ ಮೊದಲು ತೆಗೆದವರೇ ಮಾಡೋದು ಬೇಡ. ನಿಮ್ಮನ್ನ ಸರ್ವಾಧಿಕಾರಿ ಅಂದವರಲ್ಲಿ ಬೈಯ್ದೇ ವಾದ ಮಾಡಿದವರು ಒಬ್ಬರಾದ್ರೂ ಇರ್ತಾರಲ್ಲ, ಮೊದಲ ತಿಂಗಳ ಸರದಿಗೆ ಅವರನ್ನೇ ಕರೀರಿ.