ಕೈ ಎಲ್ಲಿಡೋದು ಸ್ವಾಮಿ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಫ್ಯಾಮಿಲಿ ಫೋಟೋದ ಬಗ್ಗೆಯೇ. ಮದುವೆ, ಗೃಹಪ್ರವೇಶದ ಸೀಸನ್ ಅಲ್ವಾ! ಹಾಗಾಗಿ ಬೇರೆ ಪ್ರಶ್ನೆಗಳಿಗೆ ಮುಂದಿನ ಸಲ ಉತ್ತರಿಸುತ್ತೇನೆ.

ಪ್ರಶ್ನೆ: ನಮ್ಮಜ್ಜಿಗೆ 80 ತುಂಬುತ್ತದೆ. ಮನೆಯವರೆಲ್ಲ ಸೇರಿ 18 ಜನ. ಹೋದ ಸಲ ತೆಗೆಸಿದ ಫೋಟೋದಲ್ಲಿ ಎಲ್ಲರೂ ರೇಷನ್ ಕಾರ್ಡಿಗೆ ನಿಂತ ಹಾಗಿದ್ದೇವೆ. ಸಹಜವಾಗಿ ಬರಬೇಕಾದರೆ ಏನು ಮಾಡಬೇಕು?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ತಪ್ಪು ನಿಮ್ಮದಲ್ಲ, ಕ್ಯಾಮೆರಾ ಹಿಡಿದವನದು. ನಾನೂ ಹಾಗೆ ತೆಗೆದವನೇ. 1989ರಲ್ಲಿ ನಾನು ಸ್ಟುಡಿಯೋಕ್ಕೆ ಸೇರಿದಾಗ ನಮ್ಮ ಗುರುಗಳ ಹತ್ತಿರ ಇದ್ದದ್ದು ಒಂದು ಯಾಶಿಕಾ ಕ್ಯಾಮೆರಾ. ಒಂದು ರೋಲಿಗೆ 12 ಫೋಟೋ. ಗ್ರೂಪ್ ಎಷ್ಟೇ ದೊಡ್ಡದಿರಲಿ, ಎರಡೇ ಕ್ಲಿಕ್. ಮೂರನೆಯದು ಹೊಡೆದರೆ ಬೈಗುಳ ಗ್ಯಾರಂಟಿ. ಅದಕ್ಕೇ "ಅಲ್ಲಾಡಬೇಡಿ, ಉಸಿರು ಬಿಡಬೇಡಿ, ರೆಡೀ" ಅಂತ ಜನರನ್ನು ಕಂಬ ಮಾಡುತ್ತಿದ್ದೆವು. ಈಗ ರೋಲ್ ಇಲ್ಲ. ಆದರೆ ಕ್ಯಾಮೆರಾ ಕಂಡರೆ ಕಂಬವಾಗುವ ಅಭ್ಯಾಸ ಮಾತ್ರ ಜನರಿಗೆ ಹೋಗಿಲ್ಲ.

ಮೊದಲು ಅಜ್ಜಿಯನ್ನು ಕೂರಿಸಿ. ಸೋಫಾ ಬೇಡ. ಅದು ಕುಸಿಯುತ್ತದೆ, ಅಜ್ಜಿಯ ಮೊಣಕಾಲು ಮುಂದೆ ಬರುತ್ತದೆ, ಮುಖ ಹಿಂದೆ ಹೋಗುತ್ತದೆ. ಕೈಯಿರುವ ಹಳೇ ಮರದ ಕುರ್ಚಿ ಇದ್ದರೆ ಅದೇ ಒಳ್ಳೆಯದು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಒಂದು ಪ್ರಶ್ನೆ ಹಾಕಿ: "ಅಜ್ಜಿ ಹತ್ರ ಜಾಸ್ತಿ ಬೈಸಿಕೊಳ್ಳೋರು ಯಾರು?" ಎಲ್ಲರ ಕಣ್ಣೂ ಒಬ್ಬರ ಕಡೆ ತಿರುಗುತ್ತದೆ. ಅವರನ್ನೇ ಅಜ್ಜಿಯ ಪಕ್ಕ ಕೂರಿಸಿ. ಬಿಗಿ ಅಲ್ಲೇ ಅರ್ಧ ಸಡಿಲಾಗುತ್ತದೆ.

ಉಳಿದವರನ್ನು ಎತ್ತರದ ಲೆಕ್ಕದಲ್ಲಿ ಸಾಲಾಗಿ ನಿಲ್ಲಿಸಬೇಡಿ. ಗಂಡ, ಹೆಂಡತಿ, ಮಕ್ಕಳು ಅಂತ ಸಣ್ಣ ಸಣ್ಣ ಗುಂಪಾಗಲಿ. ಒಬ್ಬರು ಮೆಟ್ಟಿಲ ಮೇಲೆ, ಒಬ್ಬರು ಮಣೆ ಮೇಲೆ, ಮಕ್ಕಳು ಜಗಲಿಯ ಅಂಚಿನಲ್ಲಿ ಕಾಲು ಇಳಿಬಿಟ್ಟುಕೊಂಡು. ಎಲ್ಲರೂ ಎದೆಯನ್ನು ಕ್ಯಾಮೆರಾಕ್ಕೆ ಕೊಟ್ಟು ನಿಂತರೆ ಪೊಲೀಸ್ ಪರೇಡ್ ಆಗುತ್ತದೆ. ಭುಜ ಸ್ವಲ್ಪ ಅಜ್ಜಿಯ ಕಡೆ ತಿರುಗಲಿ, ಒಬ್ಬರ ಭುಜದ ಹಿಂದೆ ಇನ್ನೊಬ್ಬರ ಭುಜ ಸೇರಲಿ. ನಡುವೆ ಗೋಡೆ ಕಾಣುವಷ್ಟು ಜಾಗ ಬಿಟ್ಟರೆ, ಯಾಕೋ ಜಗಳ ಆದ ಮನೆ ಥರ ಕಾಣುತ್ತದೆ.

ಇಷ್ಟು ಮಾಡಿ ಮಾಮೂಲಿ ಫೋಟೋ ತೆಗೆಯಿರಿ. ಅದು ಬೇಕೇ ಬೇಕು, ನೆಂಟರಿಗೆಲ್ಲ ಕಳಿಸೋಕೆ. ಆದರೆ ನನಗೆ ಬೇಕಾದ ಫೋಟೋ ಅದರ ನಂತರದ್ದು. ಹೋದ ವರ್ಷ ಒಂದು ಮನೆಯಲ್ಲಿ ಗ್ರೂಪ್ ಮುಗಿಸಿ, "ಆಯ್ತು, ಊಟಕ್ಕೆ ಏಳಿ" ಅಂದೆ. ಕ್ಯಾಮೆರಾವನ್ನು ಎದೆಯವರೆಗೆ ಇಳಿಸಿದೆ. ಬೆರಳು ಮಾತ್ರ ಗುಂಡಿ ಮೇಲೇ ಇತ್ತು. ಎಲ್ಲರ ಭುಜವೂ ಒಟ್ಟಿಗೆ ಇಳಿಯಿತು. ಅಳಿಯ ಕಾಲರ್ ಗುಂಡಿ ಬಿಚ್ಚಿದ. ಅಜ್ಜಿ ಪಕ್ಕದಲ್ಲಿದ್ದ ಮೊಮ್ಮಗಳ ಕಡೆ ತಿರುಗಿದರು. ಅವಳ ಜಾಜಿ ದಂಡೆ ಜಾರಿ ಕಿವಿ ಹತ್ತಿರ ನೇತಾಡುತ್ತಿತ್ತು. ಹೇರ್‌ಪಿನ್ ಕಿತ್ತು ತುಟಿಯಲ್ಲಿ ಕಚ್ಚಿ ಹಿಡಿದು, ಎರಡೂ ಕೈಯಲ್ಲಿ ದಂಡೆ ಸರಿಮಾಡತೊಡಗಿದರು. ಆ ಹುಡುಗಿಗೆ ಕಚಗುಳಿಯಾಗಿ ಕುತ್ತಿಗೆ ಕುಗ್ಗಿಸಿಕೊಂಡಳು. ಹಿಂದೆ ನಿಂತ ಚಿಕ್ಕಮ್ಮ ಬಗ್ಗಿ ನೋಡಿದರು. ನಾಲ್ಕೈದು ಕ್ಲಿಕ್ ಹೊಡೆದೆ. ಈಗ ಆ ಮನೆ ನಡುಮನೆಯಲ್ಲಿ ಕಟ್ಟು ಹಾಕಿಸಿ ಇಟ್ಟಿರುವುದು ಅದೇ ಫೋಟೋ, ಬಾಯಲ್ಲಿ ಹೇರ್‌ಪಿನ್ ಸಮೇತ.

ಇನ್ನು ಕಣ್ಣು ಮುಚ್ಚುವ ಕಾಟ. ಇದಕ್ಕೆ ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಅನ್ನುವ ವಿಜ್ಞಾನ ಸಂಸ್ಥೆಯ ಇಬ್ಬರು, ಒಂದರಲ್ಲಾದರೂ ಎಲ್ಲರ ಕಣ್ಣೂ ತೆರೆದಿರೋಕೆ ಎಷ್ಟು ಕ್ಲಿಕ್ ಬೇಕು ಅಂತ ಲೆಕ್ಕವನ್ನೇ ಹಾಕಿದ್ದಾರೆ. ಅದಕ್ಕೆ 2006ರಲ್ಲಿ ಇಗ್ನೊಬೆಲ್ ಅನ್ನುವ ತಮಾಷೆಯ ಬಹುಮಾನವೂ ಬಂತು. 20ಕ್ಕಿಂತ ಕಡಿಮೆ ಜನರಿದ್ದರೆ, ಬೆಳಕು ಚೆನ್ನಾಗಿರುವಾಗ ಜನರ ಸಂಖ್ಯೆಯನ್ನು 3ರಿಂದ ಭಾಗಿಸಿ, ಬೆಳಕು ಕಮ್ಮಿಯಿದ್ದರೆ 2ರಿಂದ. ಅಂದರೆ ನಿಮ್ಮ 18 ಜನಕ್ಕೆ 6 ಅಥವಾ 9 ಕ್ಲಿಕ್. ನಾನಂತೂ 12 ಹೊಡೆಯುತ್ತೇನೆ. ಯಾಶಿಕಾದ ಸೇಡು.

ಪ್ರಶ್ನೆ: ಫೋಟೋಕ್ಕೆ ನಿಂತರೆ ಕೈ ಎಲ್ಲಿಡಬೇಕು ಅಂತಲೇ ತಿಳಿಯುವುದಿಲ್ಲ.
– ಹಾಸನದ ಓದುಗರು

ಉತ್ತರ: ನಿಮ್ಮೊಬ್ಬರಿಗಲ್ಲ, ಯಾರಿಗೂ ತಿಳಿಯುವುದಿಲ್ಲ. ಹೊಟ್ಟೆ ಕೆಳಗೆ ಎರಡೂ ಕೈ ಕಟ್ಟಿ ನಿಂತರೆ ಫ್ರೀ ಕಿಕ್ ತಡೆಯೋಕೆ ನಿಂತ ಫುಟ್‌ಬಾಲ್ ಆಟಗಾರರ ಥರ ಕಾಣುತ್ತೀರಿ. ಕೈಗೆ ಒಂದು ಕೆಲಸ ಬೇಕು, ಅಷ್ಟೇ. ಮಗುವಿನ ಕೈ ಹಿಡಿಯಿರಿ, ಸೆರಗಿನ ತುದಿ ಹಿಡಿಯಿರಿ, ಪ್ಯಾಂಟಿನ ಜೇಬಿಗೆ ಹೆಬ್ಬೆರಳು ಸಿಕ್ಕಿಸಿ. ಹಿರಿಯರ ಭುಜದ ಮೇಲೆ ಕೈ ಇಡುವುದಾದರೆ ಪೂರ್ತಿ ಅಂಗೈ ಇಡಿ. ಬೆರಳ ತುದಿ ಮಾತ್ರ ಇಟ್ಟರೆ ಭುಜದ ಮೇಲೆ ಕಾಗೆ ಕೂತ ಹಾಗಿರುತ್ತದೆ.

ಪ್ರಶ್ನೆ: ಹೊಸ ಕ್ಯಾಮೆರಾ, 50 ಎಂಎಂ ಲೆನ್ಸ್ ಕೊಂಡೆ. ಹಿಂದೆ ಬ್ಲರ್ ಬರಲಿ ಅಂತ ಅಪರ್ಚರ್ (ಲೆನ್ಸಿನ ಕಿಂಡಿ) 1.8 ಇಟ್ಟು ಮನೆಯವರ ಫೋಟೋ ತೆಗೆದೆ. ಹಿಂದಿನ ಸಾಲಿನ ದೊಡ್ಡಪ್ಪನೂ ಬ್ಲರ್! ಮನೆಯಲ್ಲಿ ಮುನಿಸು.
– ಹುಬ್ಬಳ್ಳಿಯ ಓದುಗರು

ಉತ್ತರ: ದೊಡ್ಡಪ್ಪ ಮುನಿಸಿಕೊಂಡದ್ದು ನ್ಯಾಯವೇ. ಎರಡು ಸಾಲು ಇದ್ದರೆ ಕಿಂಡಿ ಕಿರಿದು ಮಾಡಿ ಎಫ್8ಕ್ಕೆ ಬನ್ನಿ, ಹಿಂದಿನವರೂ ಸ್ಪಷ್ಟ ಬರುತ್ತಾರೆ. ಶಟರ್ ವೇಗ ಸೆಕೆಂಡಿನ 1/200ರ ಆಸುಪಾಸು ಇರಲಿ, ಮಕ್ಕಳು ಅಲ್ಲಾಡಿಯೇ ಅಲ್ಲಾಡುತ್ತಾರೆ. ಬೆಳಕು ಸಾಲದಿದ್ದರೆ ಐಎಸ್‌ಒ (ಕ್ಯಾಮೆರಾ ಬೆಳಕು ಹಿಡಿಯುವ ಶಕ್ತಿ) ಏರಿಸಿ, ಹೆದರಬೇಡಿ. ಹಿಂದಿನ ಸಾಲು ಮುಂದಿನ ಸಾಲಿಗೆ ಅಂಟಿಕೊಂಡೇ ನಿಲ್ಲಲಿ.

ಬಿಸಿಲಿಗಂತೂ ನಿಲ್ಲಿಸಬೇಡಿ, ಎಲ್ಲರೂ ಹುಣಸೆಹಣ್ಣು ತಿಂದ ಮುಖ ಮಾಡುತ್ತಾರೆ. ನೆರಳಿರುವ ಜಗಲಿ, ಎದುರಿಗೆ ತೆರೆದ ಅಂಗಳ ಇದ್ದರೆ ಅದಕ್ಕಿಂತ ಒಳ್ಳೆ ಸ್ಟುಡಿಯೋ ಇಲ್ಲ. ಆದರೆ ಅಂಗಳದಲ್ಲಿ ಏನು ಹಾಸಿದೆ ನೋಡಿಕೊಳ್ಳಿ. ಒಂದು ಷಷ್ಟ್ಯಬ್ದಿಯಲ್ಲಿ ಅಂಗಳಕ್ಕೆ ನೀಲಿ ಟಾರ್ಪಾಲ್ ಹಾಸಿದ್ದು ನನ್ನ ತಲೆಗೇ ಹೋಗಲಿಲ್ಲ. ಬಿಸಿಲು ಅದಕ್ಕೆ ಬಿದ್ದು ಎಲ್ಲರ ಗಲ್ಲ, ಮೂಗಿನ ಕೆಳಗೆಲ್ಲ ನೀಲಿ ನೀಲಿ. ಎರಡು ರಾತ್ರಿ ಕೂತು ಕಂಪ್ಯೂಟರಿನಲ್ಲಿ ಒಬ್ಬೊಬ್ಬರ ಮುಖ ತೊಳೆದೆ. ಈಗ ಮೊದಲು ಟಾರ್ಪಾಲ್ ಮಡಿಸಿ, ಬಿಳಿ ಪಂಚೆ ಹಾಸುತ್ತೇನೆ.

ಪ್ರಶ್ನೆ: ಮೊಬೈಲಿನಲ್ಲಿ ತೆಗೆದರೆ ಅಂಚಿನಲ್ಲಿ ನಿಂತವರು ದಪ್ಪ ಕಾಣುತ್ತಾರೆ. ಯಾಕೆ?
– ಬೆಂಗಳೂರಿನ ಓದುಗರು

ಉತ್ತರ: ಮೊಬೈಲಿನ ಲೆನ್ಸ್ ವೈಡ್, ಅಂದರೆ ಅಗಲ ನೋಟದ್ದು. ಅಂಚಿನಲ್ಲಿರುವುದನ್ನೆಲ್ಲ ಎಳೆಯುತ್ತದೆ. ಹಿಂದೆ ಹತ್ತು ಹೆಜ್ಜೆ ಹೋಗಿ 2ಎಕ್ಸ್ ಜೂಮ್ ಒತ್ತಿ. ನಾದಿನಿಯನ್ನು ಅಂಚಿಗೆ ನಿಲ್ಲಿಸಬೇಡಿ.

ಪ್ರಶ್ನೆ: ಮೂರು ವರ್ಷದ ಮಗಳು ಕ್ಯಾಮೆರಾ ನೋಡುವುದೇ ಇಲ್ಲ. ನಮ್ಮವರಂತೂ ನಗುವುದೇ ಇಲ್ಲ. ಯಾರನ್ನು ಮೊದಲು ಸರಿಮಾಡಲಿ?
– ಓದುಗರೊಬ್ಬರು, ಮೈಸೂರು

ಉತ್ತರ: ಮಗುವಿಗೆ ಮೊದಲು ಊಟ, ನಿದ್ದೆ ಆಗಿರಲಿ. ಐದು ಜನ ಐದು ಕಡೆಯಿಂದ "ಪುಟ್ಟಾ, ಇಲ್ನೋಡು" ಅಂದರೆ ಅದು ಪಾಪ ಎಲ್ಲಿ ನೋಡಬೇಕು? ಒಬ್ಬರೇ ಕರೆಯಿರಿ, ಅವರೂ ಲೆನ್ಸಿನ ಪಕ್ಕದಲ್ಲೇ ಇರಲಿ. ಕ್ಯಾಮೆರಾದವರು ನೆಲಕ್ಕೆ ಕೂರಲಿ, ಪ್ಯಾಂಟ್ ಕೊಳೆಯಾಗಲಿ. 'ಚೀಸ್' ಹೇಳಿಸಬೇಡಿ, ಬರೀ ಹಲ್ಲು ಬರುತ್ತದೆ.

ಯಜಮಾನರ ವಿಷಯ ಬೇರೆ. ನಗಿ ನಗಿ ಅಂದಷ್ಟೂ ಅವರು ಬಿಗಿಯುತ್ತಾರೆ, ಸುಮ್ನೆ ಬಿಟ್ಟುಬಿಡಿ. ಮಗಳನ್ನು ಎತ್ತಿಕೊಳ್ಳೋಕೆ ಅವರ ಕೈಗೇ ಕೊಡಿ. "ಅಪ್ಪನ ಕಿವೀಲಿ ಒಂದು ಗುಟ್ಟು ಹೇಳು" ಅಂತ ಅವಳಿಗೆ ಹೇಳಿ. ಆ ವಯಸ್ಸಿಗೆ ಗುಟ್ಟು ಅಂದರೆ ಬಿಸಿ ಉಸಿರು, ಒಂದಿಷ್ಟು ಎಂಜಲು. ಅದೂ ಆಗದಿದ್ದರೆ ಕನ್ನಡಕ ಕೀಳೋಕೆ ಹೇಳಿಕೊಡಿ, ಆ ಕ್ಷಣಕ್ಕೆ ಕ್ಲಿಕ್ ಮಾಡಿ. ಕನ್ನಡಕದ ಜವಾಬ್ದಾರಿ ನನ್ನದಲ್ಲ.