ಹೊಳೆಯಾಚೆ ತಂಗಿ ಮನೆ

ತಮ್ಮಾ, ನೀನು ಬರೆದದ್ದನ್ನು ಓದುವಾಗ ನಾನು ಮೂಡಿಗೆರೆಯಲ್ಲಿ, ಅಪ್ಪನ ಮನೆಯ ಕಣದ ಬದಿಯಲ್ಲಿ ಕೂತಿದ್ದೆ. ರೋಬಸ್ಟಾ ಕುಯ್ಲಿನ ಸಮಯ. ಹರಡಿದ ಹಣ್ಣನ್ನು ಕಾಲಲ್ಲಿ ಎಳೆದು ಮಗುಚುವ ಕೆಲಸ ನನ್ನ ಪಾಲಿಗೆ ಬಂದಿದೆ. ಇಪ್ಪತ್ತೆರಡು ವರ್ಷ ಕೆನಡಾದ ವಿಂಡ್ಸರ್‌ನಲ್ಲಿದ್ದು ಬಂದವಳಿಗೆ ಇದಕ್ಕಿಂತ ಜವಾಬ್ದಾರಿಯ ಕೆಲಸ ವಹಿಸಲು ಅಪ್ಪನಿಗೆ ಧೈರ್ಯ ಸಾಲದು.

ನೀನು ಮುಖ್ಯವಾಗಿ ಕೇಳಿದ್ದು ಇಷ್ಟು: ಬೇಲೂರಿನಿಂದ ಓದಲು ವಿಂಡ್ಸರ್‌ಗೆ ಬಂದು ನಾಲ್ಕು ತಿಂಗಳಾಯಿತು. ಕನ್ನಡದವರೆಲ್ಲ ನದಿಯ ಆಚೆ, ಅಮೆರಿಕದ ಡೆಟ್ರಾಯಿಟ್ ಕಡೆ ಇದ್ದಾರೆ. ಈಚೆ ಒಬ್ಬನೇ ಇದ್ದ ಹಾಗಿದೆ. ಓದು ಮುಗಿಸಿ ಆ ಕಡೆಗೇ ಹೋಗಿಬಿಡಲಾ? ಇನ್ನೊಂದು, ನಿಮ್ಮ ಬೀದಿಯವರೊಬ್ಬರು ಬರುವ ಅಕ್ಟೋಬರಿನ ನಗರ ಚುನಾವಣೆಗೆ ನಿಲ್ಲಬೇಕೆಂದಿದ್ದಾರೆ, ಮನೆಮನೆ ಸುತ್ತಲು ನಿನ್ನನ್ನೂ ಕರೆದಿದ್ದಾರೆ. ಹೋದರೆ ವೀಸಾಕ್ಕೆ ಕುತ್ತು ಬರುತ್ತಾ? ಇದನ್ನೇ ಬೇರೆ ಹುಡುಗರೂ ಕೇಳಿದ್ದರಿಂದ ನಾಲ್ಕು ಜನ ಓದುವ ಹಾಗೆ ಇಲ್ಲೇ ಉತ್ತರ ಬರೆಯುತ್ತಿದ್ದೇನೆ.

ಮೊದಲು ಹೊಳೆಯ ವಿಷಯ. ನಾನು ನದಿ ಅನ್ನುವುದಿಲ್ಲ, ನಮ್ಮ ಮನೆಯಲ್ಲಿ ಅದು ಹೊಳೆಯೇ. ನನ್ನ ತಂಗಿ ಡೆಟ್ರಾಯಿಟಿನ ಉತ್ತರಕ್ಕೆ ಟ್ರಾಯ್ ಊರಿನಲ್ಲಿದ್ದಾಳೆ. ನಮ್ಮ ಮನೆಯಿಂದ ಅವಳ ಮನೆಗೆ, ಗಡಿಯಲ್ಲಿ ಸಾಲಿಲ್ಲದಿದ್ದರೆ, ಮೂಡಿಗೆರೆಯಿಂದ ಬೇಲೂರಿಗೆ ಹೋಗಿ ಕಾಫಿ ಕುಡಿಯುವಷ್ಟು ಹೊತ್ತು. 1929ರಲ್ಲಿ ತೆರೆದ ಅಂಬಾಸಿಡರ್ ಸೇತುವೆ, 1930ರ ಸುರಂಗ, ಯಾವುದರಲ್ಲಾದರೂ ಹೋಗು. ಆ ಕಡೆ ಪಂಪ ಕನ್ನಡ ಕೂಟ ಇದೆ. ಯುಗಾದಿ, ರಾಜ್ಯೋತ್ಸವ, ಮಕ್ಕಳ ನಾಟಕ, ಹೋಳಿಗೆ, ಎಲ್ಲಾ ಉಂಟು. ಇಷ್ಟು ಹತ್ತಿರ ಇರುವಾಗ ಎರಡು ದೇಶ ಅನ್ನುವುದೇ ಮರೆತುಹೋಗುತ್ತದೆ. ನಾನೂ ಮರೆತಿದ್ದೆ.

2020ರ ಮಾರ್ಚ್ 21ಕ್ಕೆ ನೆನಪಾಯಿತು. ಅವತ್ತು ಗಡಿ ಮುಚ್ಚಿದರು, ಅಗತ್ಯ ಸೇವೆಯವರಿಗೆ ಮಾತ್ರ ದಾರಿ. ನಾನು ನರ್ಸು, ವಿಂಡ್ಸರ್‌ನಲ್ಲಿ ಮನೆ, ಡೆಟ್ರಾಯಿಟಿನ ಆಸ್ಪತ್ರೆಯೊಂದರಲ್ಲಿ ಕೆಲಸ. ನಮ್ಮೂರಿನಿಂದ ದಿನವೂ ಹೊಳೆ ದಾಟಿ ಹೋಗುವ ನರ್ಸುಗಳು ನೂರಾರು ಜನ. ಹಾಗಾಗಿ ನನ್ನನ್ನು ಯಾರೂ ತಡೆಯಲಿಲ್ಲ. ದಿನಾ ತಂಗಿಯ ಊರಿನ ದಿಕ್ಕಿಗೇ ಹೋಗುತ್ತಿದ್ದೆ, ಅವಳ ಮನೆಗೆ ಮಾತ್ರ ಹೋಗುತ್ತಿರಲಿಲ್ಲ. ಅವಳಿಗೆ ಆಗ ಆರು ತಿಂಗಳ ಕೂಸು, ನಾನು ಕೋವಿಡ್ ವಾರ್ಡಿನಿಂದ ಬರುವವಳು. ಅವಳೋ ಕೆಲಸದ ವೀಸಾದಲ್ಲಿ ಇದ್ದವಳು, ಈಚೆ ಬರುವ ಹಾಗೇ ಇಲ್ಲ. ಕೆನಡಾದವರು ವಿಮಾನ ಹತ್ತಿ ಅಮೆರಿಕಕ್ಕೆ ಹೋಗಬಹುದಿತ್ತು, ಕಾರಿನಲ್ಲಿ ಸೇತುವೆ ದಾಟುವಂತಿರಲಿಲ್ಲ. ಯಾವ ಪುಣ್ಯಾತ್ಮ ಯೋಚಿಸಿದ ನಿಯಮವೋ! ಕೆನಡಾ ತನ್ನ ಬಾಗಿಲನ್ನು ಲಸಿಕೆ ಹಾಕಿಸಿಕೊಂಡ ಅಮೆರಿಕದವರಿಗೆ 2021ರ ಆಗಸ್ಟ್ 9ಕ್ಕೆ ತೆಗೆಯಿತು, ಅಮೆರಿಕ ಭೂಗಡಿಯನ್ನು ತೆಗೆದದ್ದು ನವೆಂಬರ್ 8ಕ್ಕೆ. ನಾನು ಕೂಸನ್ನು ಎತ್ತಿಕೊಳ್ಳುವ ಹೊತ್ತಿಗೆ ಅದು ಓಡಾಡುತ್ತಿತ್ತು, ನನ್ನನ್ನು ನೋಡಿ ಅಮ್ಮನ ಹಿಂದೆ ಅಡಗಿಕೊಂಡಿತು. ಸಾಲದ್ದಕ್ಕೆ 2022ರ ಫೆಬ್ರುವರಿಯಲ್ಲಿ ಲಾರಿ ಹೋರಾಟಗಾರರು ಸೇತುವೆಯ ದಾರಿಗೇ ಅಡ್ಡ ನಿಂತರು. ಸುಮಾರು ಒಂದು ವಾರ ಸುರಂಗದಲ್ಲೇ ಓಡಾಡಿದೆ.

ಆದ್ದರಿಂದ ಹತ್ತಿರ ಇದೆ ಅಂದ ಮಾತ್ರಕ್ಕೆ ಆ ಕಡೆಯ ನೆಂಟಸ್ತಿಕೆಯನ್ನೇ ನಂಬಿಕೊಂಡು ಈ ಕಡೆ ಬೀಗ ಹಾಕಿಕೊಂಡು ಕೂರಬೇಡ. ನೀನಂತೂ ಭಾರತದ ಪಾಸ್‌ಪೋರ್ಟಿನವನು, ಹೊಳೆ ದಾಟಲು ಅಮೆರಿಕದ ವೀಸಾ ಬೇಕು, ಅದರ ಸಂದರ್ಶನಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಸಿಕ್ಕಾಗ ಹೋಗು, ಯುಗಾದಿಗೆ ನಾನೇ ಕರೆದುಕೊಂಡು ಹೋಗುತ್ತೇನೆ. ಅಲ್ಲಿಯೇ ನೆಲೆಸುವ ಮಾತಿಗೆ ಮಾತ್ರ ನಮ್ಮಿಬ್ಬರ ಕಥೆ ಕೇಳಿಕೋ.

ನಾನು ಬಂದದ್ದು 2004ರಲ್ಲಿ. ಆರು ವರ್ಷಕ್ಕೆ ಕೆನಡಾದ ಪೌರಳಾದೆ. ತಂಗಿ ನನಗಿಂತ ಹೆಚ್ಚು ಓದಿದವಳು, ಹೆಚ್ಚು ಸಂಬಳ, ಸುತ್ತ ಬೇಕಾದಷ್ಟು ಕನ್ನಡದವರು. ಆದರೆ ಅಮೆರಿಕದಲ್ಲಿ ಕಾಯಂ ನೆಲೆಸಲು ಬೇಕಾದ ಹಸಿರು ಕಾರ್ಡಿನ ಸಾಲಿನಲ್ಲಿ ಇನ್ನೂ ನಿಂತಿದ್ದಾಳೆ. ಅವಳು ತೆರಿಗೆ ಕಟ್ಟುವ ಊರಿನಲ್ಲಿ ಶಾಲಾ ಮಂಡಳಿಗೂ ಮತ ಹಾಕುವಂತಿಲ್ಲ. ಡೆಟ್ರಾಯಿಟಿನ ಭಾಗವನ್ನು ಅಮೆರಿಕ ಸಂಸತ್ತಿನಲ್ಲಿ ಪ್ರತಿನಿಧಿಸುವ ಶ್ರೀ ಥಾಣೇದಾರ್ ನಮ್ಮ ಬೆಳಗಾವಿಯಲ್ಲಿ ಬೆಳೆದವರು ಅಂತ ಹೆಮ್ಮೆಯಿಂದ ಹೇಳುತ್ತಾಳೆ. ಹೆಮ್ಮೆಗೆ ವೀಸಾ ಬೇಡವಲ್ಲ. ಭಾರತದಲ್ಲಿ ಅವಳಿಗೆ ಮತ ಇದೆ. ಹೊರದೇಶದ ಮತದಾರಳೆಂದು 6ಎ ನಮೂನೆ ತುಂಬಿದರೆ ಮೂಡಿಗೆರೆಯ ಪಟ್ಟಿಗೆ ಹೆಸರು ಸೇರುತ್ತದೆ, ಆದರೆ ಹಾಕಲು ವಿಮಾನ ಹತ್ತಿ ಬಂದು ಇಲ್ಲೇ ಮತಗಟ್ಟೆಯಲ್ಲಿ ನಿಲ್ಲಬೇಕು. ನನಗೆ ಊರಿನ ಮತ ಹೋಯಿತು, ಬೇರೆ ದೇಶದ ಪೌರರಾದ ಭಾರತ ಮೂಲದವರಿಗೆ ಕೊಡುವ ಓಸಿಐ ಕಾರ್ಡು ಹಿಡಿದವರಿಗೆ ಆ ಹಕ್ಕಿಲ್ಲ. ವಿಂಡ್ಸರ್‌ನಲ್ಲಿ ಬಂತು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು, ಒಬ್ಬಳಿಗೆ ಜನ ಸಿಕ್ಕರು, ಇನ್ನೊಬ್ಬಳಿಗೆ ಮತ ಸಿಕ್ಕಿತು. ಯಾರು ಲಾಭದಲ್ಲಿದ್ದೇವೆ ಅಂತ ವರ್ಷಕ್ಕೊಮ್ಮೆ ಜಗಳ ಆಡುತ್ತೇವೆ.

ದುಡ್ಡಿನ ಲೆಕ್ಕವೂ ಹೀಗೇ. ಊರಿನ ಸಂಸ್ಥೆಗೆ ಅವಳು ಬ್ಯಾಂಕಿನ ಮೂಲಕ ಕೊಟ್ಟದ್ದು ಭಾರತೀಯಳ ಹಣ, ನಾನು ಕೊಟ್ಟದ್ದು ವಿದೇಶಿ ಹಣ. ಪಡೆಯುವವರಿಗೆ ಪರವಾನಗಿ ಇರಬೇಕು. ಇಲ್ಲಿನ ರಾಜಕೀಯ ಪಕ್ಷಕ್ಕಂತೂ ನಾನು ಬಿಡಿಗಾಸು ಕೊಡುವಂತಿಲ್ಲ. ಅಪ್ಪನ ಆರು ಎಕರೆ ಕಾಫಿ ತೋಟ ನಮಗಿಬ್ಬರಿಗೂ ಪಿತ್ರಾರ್ಜಿತವಾಗಿ ಬರಬಹುದು, ಪಕ್ಕದ ಅರ್ಧ ಎಕರೆಯನ್ನು ಕೊಂಡು ಸೇರಿಸೋಣವೆಂದರೆ ಇಬ್ಬರಿಗೂ ಆಗದು. ಊರಿನಲ್ಲಿ ಇದನ್ನು ಯಾರೂ ನಂಬುವುದಿಲ್ಲ. ಡಾಲರ್ ಇಟ್ಟುಕೊಂಡು ಜಿಪುಣತನ ಮಾಡುತ್ತಾರೆ ಅನ್ನುತ್ತಾರೆ. ಅದಿರಲಿ.

ಈಗ ನಿನ್ನ ಎರಡನೆಯ ಪ್ರಶ್ನೆ. ಹೋಗು. ಹಾಸನ ಜಿಲ್ಲೆಯವನಿಗೆ ಚುನಾವಣೆಯ ಬಗ್ಗೆ ನಾನು ಹೇಳಿಕೊಡಬೇಕಾ? ಹೊಳೆನರಸೀಪುರದ ಹರದನಹಳ್ಳಿಯಿಂದ ದಿಲ್ಲಿಗೆ ಪ್ರಧಾನಿಯನ್ನೇ ಕಳಿಸಿದವರು ನೀವು. ನಮ್ಮ ಚಿಕ್ಕಮಗಳೂರಿನವರು ಇನ್ನೊಂದು ಬಗೆ, ಹೊರಗಿನಿಂದ ಬಂದವರನ್ನು ಗೆಲ್ಲಿಸಿ ಕಳಿಸಿದವರು. 1978ರ ನವೆಂಬರಿನಲ್ಲಿ ಇಂದಿರಾ ಗಾಂಧಿ ಇಲ್ಲಿ ಉಪಚುನಾವಣೆಗೆ ನಿಂತಾಗ ಅಪ್ಪ ಒಂದು ಎಸ್ಟೇಟಿನಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತ ಆಗಿದ್ದರು. ಡಿ.ಬಿ. ಚಂದ್ರೇಗೌಡರು ಬಿಟ್ಟುಕೊಟ್ಟ ಕ್ಷೇತ್ರ, ಎದುರಿಗೆ ವೀರೇಂದ್ರ ಪಾಟೀಲರು, ಅವರ ಪರ ಜಾರ್ಜ್ ಫರ್ನಾಂಡಿಸ್. ಎಸ್ಟೇಟಿನ ದಾರಿಯಲ್ಲಿ ಹಗಲೂ ರಾತ್ರಿ ಜೀಪು, ಮೈಕು. ಅಪ್ಪ ಈಗಲೂ ಆ ಕಥೆ ಹೇಳುತ್ತಾರೆ, ಕೊನೆಗೆ ಸ್ವಲ್ಪ ದನಿ ತಗ್ಗಿಸಿ ಇನ್ನೊಂದು ಸೇರಿಸುತ್ತಾರೆ: ಕೂಲಿಯವರ ಲೈನು ಮನೆಗಳಿಗೆ ಪ್ರಚಾರಕ್ಕೆ ಹೋದವರು ಕಡಿಮೆ, ಸಾಹುಕಾರರ ಬಂಗಲೆಗೆ ಹೋದವರು ಹೆಚ್ಚು. ಬಂಗಲೆಯಲ್ಲಿ ಒಂದು ಮಾತಾದರೆ ಲೈನಿನಲ್ಲಿ ಅರುವತ್ತು ಮತ. ಆ ಮಾತನ್ನು ಲೈನಿಗೆ ಮುಟ್ಟಿಸುತ್ತಿದ್ದವರು ರೈಟರು, ಅಂದರೆ ನಮ್ಮಪ್ಪ.

ಅದನ್ನು ಕೇಳುತ್ತಾ ಬೆಳೆದವಳು ನಾನು. ವಿಂಡ್ಸರ್‌ನಲ್ಲಿ ಮೊದಲು ಬಾಗಿಲು ತಟ್ಟಿದ್ದು 2018ರ ನಗರ ಚುನಾವಣೆಗೆ. ಆಸೆಯಿಂದ ಹೋದದ್ದಲ್ಲ, ನೆಲಮಾಳಿಗೆ ಮುಳುಗಿದ ಸಿಟ್ಟಿಗೆ. 2016ರಲ್ಲಿ ಒಮ್ಮೆ, 2017ರಲ್ಲಿ ಇನ್ನೊಮ್ಮೆ ಮಳೆ ಸುರಿದು, ಚರಂಡಿಯ ನೀರು ಹಿಮ್ಮುಖವಾಗಿ ಸಾವಿರಾರು ಮನೆಗಳ ನೆಲಮಾಳಿಗೆಗೆ ನುಗ್ಗಿತು. ಆಗುಂಬೆ, ಕಳಸದ ಮಳೆ ಕಂಡವಳು ನಾನು, ಇದೊಂದು ಮಳೆಯಾ ಅನ್ನಿಸಿತ್ತು. ಬೆಳಗ್ಗೆ ಕೆಳಗಿಳಿದರೆ ಅಮ್ಮ ಕೊಟ್ಟ ರೇಷ್ಮೆ ಸೀರೆಗಳ ಪೆಟ್ಟಿಗೆ ತೇಲುತ್ತಿತ್ತು.

ಬಾಗಿಲು ತಟ್ಟುವುದು ಅಲ್ಲಿ ನಮ್ಮೂರಿನ ಹಾಗಲ್ಲ. ಇಲ್ಲಿ ಮತ ಕೇಳಲು ಬಂದವನು ಜಗುಲಿಯಲ್ಲಿ ಕೂತು, ಕಾಫಿ ಕುಡಿದು, ನಿಮ್ಮ ದೊಡ್ಡಪ್ಪ ನಮ್ಮ ಮಾವನಿಗೆ ಏನಾಗಬೇಕು ಅಂತ ಲೆಕ್ಕ ಹಾಕಿ, ಆಮೇಲೆ ಗುರುತು ಹೇಳುತ್ತಾನೆ. ಅಲ್ಲಿ ಹೊಸ್ತಿಲು ದಾಟುವಂತಿಲ್ಲ. ಗಂಟೆ ಒತ್ತಿ ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲಬೇಕು. ಎರಡು ನಿಮಿಷದ ಮಾತು. ಕೈಯಲ್ಲಿ ಪಟ್ಟಿ, ಈಗ ಫೋನಿನಲ್ಲೇ ಇರುತ್ತದೆ: ನಮ್ಮವರು, ನಮ್ಮವರಲ್ಲ, ಇನ್ನೂ ಗೊತ್ತಿಲ್ಲ ಅಂತ ಗುರುತು ಹಾಕಿಕೊಳ್ಳಬೇಕು. ವಾದ ಮಾಡಬಾರದು. ವಾದಕ್ಕೆ ನಿಂತರೆ ಆ ಹತ್ತು ನಿಮಿಷದಲ್ಲಿ ನಾಲ್ಕು ಮನೆ ತಪ್ಪುತ್ತದೆ. ಮತದಾನದ ದಿನ ಇದೇ ಪಟ್ಟಿ ಹಿಡಿದು, ನಮ್ಮವರೆಂದು ಬರೆದುಕೊಂಡವರಲ್ಲಿ ಯಾರು ಇನ್ನೂ ಹೊರಟಿಲ್ಲವೋ ಅವರನ್ನು ಎಬ್ಬಿಸುವುದು. ಗೆಲ್ಲುವುದು ಸೋಲುವುದು ಬಹಳ ಮಟ್ಟಿಗೆ ಆ ದಿನದ ಕಾಲ್ನಡಿಗೆಯಲ್ಲಿದೆ. ನಮ್ಮ ಒಂಟಾರಿಯೊ ಪ್ರಾಂತ್ಯದ ನಗರ ಚುನಾವಣೆಯ ಮತಪತ್ರದಲ್ಲಿ ಪಕ್ಷದ ಹೆಸರೇ ಇರುವುದಿಲ್ಲ, ಆದ್ದರಿಂದ ನಿನ್ನ ಮುಖ, ನಿನ್ನ ಮಾತು ಅಷ್ಟೇ ಬಂಡವಾಳ.

ಮೊದಲ ದಿನ ನನ್ನ ಇಂಗ್ಲಿಷ್ ಕೇಳಿ ಬಾಗಿಲು ಹಾಕಿದವರೂ ಇದ್ದರು. ಒಬ್ಬ ಮುದುಕ ಇಟಲಿಯವನು, ಐವತ್ತು ವರ್ಷದಿಂದ ಅಲ್ಲೇ ಇದ್ದವನು, ನನ್ನ ಅಭ್ಯರ್ಥಿಯ ಹೆಸರು ಕೇಳಲೇ ಇಲ್ಲ. ನಿನ್ನ ನೆಲಮಾಳಿಗೆಗೂ ನೀರು ಬಂತಾ ಅಂದ. ಬಂತು ಅಂದೆ. ಒಳಗಿಂದ ಟಾರ್ಚ್ ತಂದು, ಮನೆಯ ಹಿಂದೆ ಕರೆದುಕೊಂಡು ಹೋಗಿ, ನೀರು ಹಿಂದೆ ಬಾರದ ಹಾಗೆ ಹಾಕಿಸಿದ ಕವಾಟವನ್ನು ತೋರಿಸಿದ. ಅವತ್ತು ನನ್ನ ಪಟ್ಟಿಯ ಹನ್ನೊಂದು ಮನೆ ಹಾಗೇ ಉಳಿದವು, ತಂಡದವರು ಬೈದರು. ಆದರೆ ವಿಂಡ್ಸರ್ ನನ್ನ ಊರು ಅಂತ ಮೊದಲು ಅನ್ನಿಸಿದ್ದು ಆ ಹಿತ್ತಲಿನಲ್ಲಿ, ಪೌರತ್ವದ ಪ್ರಮಾಣ ಮಾಡಿದ ಸಭಾಂಗಣದಲ್ಲಿ ಅಲ್ಲ.

ಒಂದು ಮತಕ್ಕೆ ಏನು ಬೆಲೆ ಅಂತ ನಮ್ಮವರಿಗೆ ಹೇಳಬೇಕಿಲ್ಲ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಒಂದೇ ಮತದ ಸೋಲು, 2023ರ ಎಣಿಕೆಯಲ್ಲಿ ನಮ್ಮ ಜಿಲ್ಲೆಯ ಶೃಂಗೇರಿಯಲ್ಲಿ 201 ಮತಗಳ ಅಂತರ. 2025ರ ಏಪ್ರಿಲ್ 28ರ ಕೆನಡಾ ಸಂಸತ್ ಚುನಾವಣೆಯಲ್ಲಿ ನಮ್ಮ ವಿಂಡ್ಸರ್–ಟಿಕಮ್ಸೆ–ಲೇಕ್‌ಶೋರ್ ಕ್ಷೇತ್ರದಲ್ಲಿ ಮುಂದಿದ್ದ ಇಬ್ಬರು ಅಭ್ಯರ್ಥಿಗಳಿಗೂ 32 ಸಾವಿರ ಚಿಲ್ಲರೆ ಮತ. ನ್ಯಾಯಾಧೀಶರ ಮುಂದೆ ಮರುಎಣಿಕೆಯಾಗಿ ಕೊನೆಗೆ ಉಳಿದ ಅಂತರ ನಾಲ್ಕು. ನಾಲ್ಕೇ! ನಾನು ಯಾರ ಪರ ಓಡಾಡಿದ್ದೆ ಅಂತ ಇಲ್ಲಿ ಬರೆಯುವುದಿಲ್ಲ, ಅತ್ತೆನೋ ಕುಣಿದೆನೋ ಅಂದರೂ ಗೊತ್ತಾಗಿಬಿಡುತ್ತದೆ. ಮಳೆ ಬಂತೆಂದು ಕೊನೆಯ ಭಾನುವಾರ ಒಂದು ಬೀದಿಯನ್ನು ಅರ್ಧಕ್ಕೆ ಬಿಟ್ಟು ಬಂದಿದ್ದೆ. ಆ ಬೀದಿಯಲ್ಲಿ ಈಗಲೂ ಕಾರು ಓಡಿಸುವಾಗ ಮನೆ ಎಣಿಸುತ್ತೇನೆ.

ವೀಸಾದ ಮಾತಿಗೆ ಬರುತ್ತೇನೆ. ಸ್ವಯಂಸೇವಕನಾಗಿ ಪ್ರಚಾರ ಮಾಡಲು ಪೌರತ್ವ ಬೇಕಿಲ್ಲ. ಕಾಸು ತೆಗೆದುಕೊಳ್ಳಬೇಡ. ತೆಗೆದುಕೊಂಡರೆ ಅದು ಕೆಲಸ, ಕಾಲೇಜಿನ ಹೊರಗೆ ದುಡಿಯಲು ನಿನಗಿರುವ ವಾರದ 24 ಗಂಟೆಯ ಲೆಕ್ಕಕ್ಕೆ ಸೇರುತ್ತದೆ. ಸಂಸತ್ ಚುನಾವಣೆ ಬಂದಾಗ ದೇಣಿಗೆ ಕೊಡಬೇಡ, ಅದು ಪೌರರಿಗೆ ಮತ್ತು ಕಾಯಂ ನಿವಾಸಿಗಳಿಗೆ ಮಾತ್ರ. ಅವರಿಗೂ 2025ರಲ್ಲಿ ಪಕ್ಷಕ್ಕೆ 1,750 ಡಾಲರಿನ ಮಿತಿ, ಕಂಪನಿಗಳು ಕೊಡುವಂತೆಯೇ ಇಲ್ಲ. ಮತದಾರರ ಪಟ್ಟಿಗೆ ಯಾರಾದರೂ ಉತ್ಸಾಹದಲ್ಲಿ ನಿನ್ನ ಹೆಸರು ಸೇರಿಸಲು ಬಂದರೆ ಕೈಮುಗಿದು ಬೇಡ ಅನ್ನು. ಪೌರನಲ್ಲದವನು ಮತ ಹಾಕಿದರೆ ಅಪರಾಧ, ಆಮೇಲೆ ಯಾರೂ ನಿನ್ನ ನೆರವಿಗೆ ಬರುವುದಿಲ್ಲ. ಅಪಾರ್ಟ್‌ಮೆಂಟಿನ ಕಾವಲಿನವನು ಸಂಸತ್ ಚುನಾವಣೆಯ ಪ್ರಚಾರಕರನ್ನು ತಡೆದರೆ ಜಗಳ ಬೇಡ, ಬೆಳಗ್ಗೆ 9ರಿಂದ ರಾತ್ರಿ 9ರವರೆಗೆ ಒಳಗೆ ಬಿಡಬೇಕೆಂದು ಕಾನೂನೇ ಇದೆ, ತಂಡದ ಹಿರಿಯರು ಕಾಗದ ತೋರಿಸುತ್ತಾರೆ. ಒಂದು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ: ಆಚೆ ದಡದ ಚುನಾವಣೆಗೆ ಕೈ ಹಾಕಬೇಡ. ಸಂಬಳವಿಲ್ಲದೆ ದುಡಿಯಲು ಅಲ್ಲಿಯೂ ಅವಕಾಶವಿದೆ ಅನ್ನುತ್ತಾರೆ. ಆದರೆ ಸಂದರ್ಶಕ ವೀಸಾದ ಹುಡುಗ ಕರಪತ್ರದ ಕಟ್ಟು ಹಿಡಿದು ಸುರಂಗದ ಬಾಯಲ್ಲಿ ನಿಂತರೆ, ಅಧಿಕಾರಿಗೆ ಕಾನೂನಿನ ಪಾಠ ಮಾಡುವುದು ನಿನ್ನ ಕೈಲಾಗದು.

ಕನ್ನಡದವರು ಅಲ್ಲಿ ಎಷ್ಟು ಎತ್ತರ ಏರಬಹುದು ಅಂತಲೂ ನೀನು ಕೇಳಿದ್ದೆ. ಶಿರಾ ತಾಲೂಕಿನ ಚಂದ್ರ ಆರ್ಯ ಒಟ್ಟಾವದ ನೇಪಿಯನ್‌ನಿಂದ 2015ರಲ್ಲಿ ಗೆದ್ದು, 2022ರ ಮೇ ತಿಂಗಳಲ್ಲಿ ಕೆನಡಾ ಸಂಸತ್ತಿನಲ್ಲಿ ಕನ್ನಡದಲ್ಲಿ ಮಾತಾಡಿದರು. ಆ ವಿಡಿಯೋ ಅಪ್ಪನ ಫೋನಿಗೆ ನಾನು ಕಳಿಸುವ ಮೊದಲೇ ಮೂಡಿಗೆರೆಯ ಮೂವರು ಕಳಿಸಿದ್ದರು. 2025ರಲ್ಲಿ ಅವರ ಪಕ್ಷವೇ ಅವರ ಟಿಕೆಟ್ ಹಿಂತೆಗೆದುಕೊಂಡಿತು, ಅಲ್ಲಿಂದ ಆಗಿನ ಪ್ರಧಾನಿ ಮಾರ್ಕ್ ಕಾರ್ನಿ ನಿಂತರು. ಟಿಕೆಟ್ ತಪ್ಪುವುದು ಹಾಸನದ ಹುಡುಗನಿಗೆ ಹೊಸ ಸುದ್ದಿಯೇನಲ್ಲ.

ಒಂಟಿತನದ ಬಗ್ಗೆ ಔಷಧಿ ನನ್ನ ಬಳಿ ಇಲ್ಲ. ಡಿಸೆಂಬರಿನ ಸಂಜೆ ಐದೂವರೆಗೆ ಕತ್ತಲಾದಾಗ ಬೇಲೂರಿನ ದೇವಸ್ಥಾನದ ಬೀದಿ ನೆನಪಾಗಿಯೇ ಆಗುತ್ತದೆ. ನನಗೆ ಈ ಕಣದ ವಾಸನೆ ನೆನಪಾದ ಹಾಗೆ.

ನಿನ್ನೆ ಬೇಲೂರಿಗೆ ಹೋಗಿ ನಿಮ್ಮ ಅಮ್ಮನನ್ನು ನೋಡಿಕೊಂಡು ಬಂದೆ. ಎರಡು ಕಿಲೋ ಕಾಫಿ ಪುಡಿ, ಹಲಸಿನ ಹಪ್ಪಳ, ಸಾರಿನ ಪುಡಿ ಕೊಟ್ಟಿದ್ದಾರೆ. ಒಣಗಿಸಿದ ಮಾಂಸವನ್ನೂ ಕಟ್ಟಿದ್ದರು, ಗಡಿಯಲ್ಲಿ ಹಿಡಿಯುತ್ತಾರೆ ಅಂತ ಹೇಳಿ ವಾಪಸ್ ಕೊಟ್ಟೆ. ಸಿಟ್ಟಾಗಿದ್ದಾರೆ, ನೀನೇ ಫೋನ್ ಮಾಡಿ ಸಮಾಧಾನ ಮಾಡು. ಮುಂದಿನ ತಿಂಗಳು ಎರಡನೇ ವಾರ ನಾನು ವಿಂಡ್ಸರ್‌ನಲ್ಲಿರುತ್ತೇನೆ, ಶನಿವಾರ ಬಂದು ಡಬ್ಬಿ ತೆಗೆದುಕೊಂಡು ಹೋಗು. ಅಂಗಡಿಯ ಚಂದದ ಬೂಟು ಬೇಡ, ಹಿಮದಲ್ಲಿ ನಾಲ್ಕು ಗಂಟೆ ನಡೆದರೂ ನೀರು ಹಿಡಿಯದ್ದನ್ನು ಹಾಕಿಕೊಂಡು ಬಾ. ಆ ಅರ್ಧ ಬಿಟ್ಟ ಬೀದಿ ನಮ್ಮ ಮನೆಯಿಂದ ಎರಡೇ ತಿರುವು, ತೋರಿಸುತ್ತೇನೆ.